ಮಣ್ಣು ತೊಳೆದು ಕಾಳು ಹುಡುಕಿದ್ದು

ಬಳ್ಳಾರಿ ಸೀಮೆಯ ನವಶಿಲಾಯುಗ ಎಂದರೆ ಬೂದಿದಿಬ್ಬ (ಸುಟ್ಟ ಸಗಣಿಯ ಹಳೆಯ ಗುಡ್ಡೆ), ನಯಗೊಳಿಸಿದ ಕಲ್ಲುಕೊಡಲಿ ಎಲ್ಲರಿಗೂ ನೆನಪಾಗುತ್ತವೆ. ಆ ಜನ ಏನು ಉಣ್ಣುತ್ತಿದ್ದರು ಎಂಬುದು ನನ್ನ ಹುಡುಕಾಟ. ಉತ್ತರ ಇರುವುದು ಒಂದೆರಡು ಮಿಲಿಮೀಟರಿನ ಕರಕಲು ಕಾಳಿನಲ್ಲಿ. ಮಾಮೂಲಿ ಜರಡಿಯಲ್ಲಿ ಅದು ಸೋರಿಹೋಗುತ್ತದೆ.

ಹಾಗಾಗಿ ನೀರಲ್ಲಿ ತೇಲಿಸುವ ವಿಧಾನ ಹಿಡಿದೆ. ಅಗೆದ ಪ್ರತಿ ಪದರದ, ಪ್ರತಿ ಒಲೆಯ ಮಣ್ಣನ್ನು ಬೇರೆ ಬೇರೆ ಚೀಲಕ್ಕೆ ತುಂಬಿ ಎಷ್ಟು ಲೀಟರ್ ಎಂದು ಬರೆದಿಡುತ್ತೇನೆ. ಈ ಅಳತೆ ಇಲ್ಲದಿದ್ದರೆ ಇಲ್ಲಿ ಕಾಳು ಹೆಚ್ಚು, ಅಲ್ಲಿ ಕಡಿಮೆ ಎನ್ನುವ ಮಾತಿಗೆ ಬೆಲೆಯಿಲ್ಲ. ಬಕೆಟ್ಟಿನ ನೀರಿಗೆ ಮಣ್ಣು ಸುರಿದು ಕೈಯಿಂದ ಮೆಲ್ಲಗೆ ಕದಡಿದರೆ ಇದ್ದಿಲು, ಕರಕಲು ಕಾಳು ಮೇಲೇಳುತ್ತವೆ. ಅರ್ಧ ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಬಲೆಗೆ ಬಗ್ಗಿಸಿ ನೆರಳಲ್ಲೇ ಒಣಗಿಸಬೇಕು, ಬಿಸಿಲಿಗೆ ಬಿರಿದುಬಿಡುತ್ತವೆ. ತಳದ ಗಷ್ಟನ್ನೂ ಚೆಲ್ಲುವುದಿಲ್ಲ, ಸಣ್ಣ ಮೂಳೆ, ಮಣಿ, ಕಲ್ಲಿನ ಚಕ್ಕೆ ಅದರಲ್ಲೇ ಸಿಗುತ್ತವೆ. ಸುಡದ ಬೀಜ ಕಂಡರೆ ಮಾತ್ರ ಬದಿಗಿಡುತ್ತೇನೆ: ಅದು ಸಾಮಾನ್ಯವಾಗಿ ಈಚೆಗೆ ಇರುವೆ ಹೊತ್ತು ತಂದದ್ದು.

ಗುರುತಿಸುವುದೇ ಕಷ್ಟದ ಕೆಲಸ, ನನಗೆ ತುಂಬ ಇಷ್ಟದ್ದೂ ಅದೇ. ರೈತರಿಂದ ಕೊರಲೆ, ನವಣೆ, ಹುರುಳಿ, ಹೆಸರು, ಉದ್ದು ತಂದು, ಕುಲುಮೆಯಲ್ಲಿ ಸುಟ್ಟು ಹೋಲಿಕೆಗೆ ಇಟ್ಟುಕೊಂಡಿದ್ದೇನೆ. ಸುಟ್ಟಾಗ ಕಾಳು ಉಬ್ಬುತ್ತದೆ, ಸಿಪ್ಪೆ ಕಳಚುತ್ತದೆ, ಬಣ್ಣದ ಸುಳಿವೂ ಇರುವುದಿಲ್ಲ. ಹೆಸರು ಯಾವುದು, ಉದ್ದು ಯಾವುದು? ಬೇಳೆಯಾಗಿ ಒಡೆದಿದ್ದರೆ ಒಳಮೈಯಲ್ಲಿ ಎಳೆಮೊಳಕೆಯ ಗುರುತು ನೋಡುತ್ತೇನೆ. ಹೆಸರಿನಲ್ಲಿ ಅದು ಬೇಳೆಯ ಮೂರನೇ ಎರಡು ಭಾಗದವರೆಗೆ ಚಾಚುತ್ತದೆ, ಉದ್ದಿನಲ್ಲಿ ಸುಮಾರು ಅರ್ಧಕ್ಕೇ ನಿಲ್ಲುತ್ತದೆ.

ನೋಡಲು ಬಂದ ಊರವರು "ಜೋಳ ಸಿಕ್ತೇನ್ರಿ?" ಎಂದು ಕೇಳುತ್ತಾರೆ. ಜೋಳ, ರಾಗಿ ಎರಡೂ ಆಫ್ರಿಕಾ ಮೂಲದವು, ಆಗಿನ ಇಲ್ಲಿನ ಮುಖ್ಯ ಬೆಳೆಗಳಲ್ಲ. ಬಳ್ಳಾರಿ ಬಳಿಯ ಸಂಗನಕಲ್ಲಿನಂಥ ನೆಲೆಗಳ ಮಣ್ಣನ್ನು ಹೀಗೇ ತೇಲಿಸಿ ಪುರಾತತ್ವಜ್ಞರಾದ ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಕಂಡ ಮುಖ್ಯ ಬೆಳೆಗಳು ಕೊರಲೆ, ಹುರುಳಿ, ಹೆಸರು. ಇಂದು ಸಿರಿಧಾನ್ಯವೆಂದು ಕೊಳ್ಳುವ ಕೊರಲೆ ಇಲ್ಲಿ ನಾಲ್ಕು ಸಾವಿರ ವರ್ಷದ ಹಿಂದಿನ ಊಟ ಎಂದಾಗ ಅವರ ಮುಖ ಅರಳುತ್ತದೆ.

ಕಾಲನಿರ್ಣಯಕ್ಕೂ ನಾನು ಇದ್ದಿಲಿಗಿಂತ ಕಾಳನ್ನೇ ಆರಿಸುತ್ತೇನೆ. ಹಳೆಯ ಮರದ ಒಳತಿರುಳು ಒಲೆಗೆ ಬೀಳುವ ಹೊತ್ತಿಗೆ ನೂರಾರು ವರ್ಷದ್ದಾಗಿರಬಹುದು. ಕಾಳು ಒಂದೇ ಸುಗ್ಗಿಯದು. ವೇಗವರ್ಧಕ ಯಂತ್ರದಿಂದ ಇಂಗಾಲ-14ರ ಪರಮಾಣು ಎಣಿಸಿ ವಯಸ್ಸು ಹೇಳುವ ಎಎಂಎಸ್ ವಿಧಾನಕ್ಕೆ ಕೆಲವೇ ಮಿಲಿಗ್ರಾಂ ಸಾಕು, ದೆಹಲಿಯಲ್ಲೇ ಆ ಸೌಲಭ್ಯವಿದೆ. ಆದರೆ ಪರೀಕ್ಷೆಯಲ್ಲಿ ಕಾಳು ಉರಿದುಹೋಗುತ್ತದೆ. ಅದಕ್ಕೇ ಕಳಿಸುವ ಮುಂಚೆ ಪ್ರತಿಯೊಂದನ್ನೂ ಅಳೆದು, ಮೂರು ಮಗ್ಗುಲಿಂದ ಫೋಟೊ ತೆಗೆದು, ಆಮೇಲೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತುತ್ತೇನೆ.