ಪೆಲೆಟ್ ಸೈಜಿಂಗ್ ಡೈ: ಕೂರಿಸಿದ ಬಗೆ, ಕೆಟ್ಟಿದ್ದೆಲ್ಲಿ

ಗಾಳಿ ರೈಫಲ್‌ಗೆ ಸೈಜಿಂಗ್ ಡೈ ಬೇಕು ಅಂತ ಯಾರಾದರೂ ಕೇಳಿದರೆ, ಪೆಲೆಟ್ ಡಬ್ಬಿಯ ಮೇಲೆ ಯಾವ ಅಂಕಿ ಇದೆ ಅಂತ ಮೊದಲು ಕೇಳುತ್ತೇನೆ. ಮ್ಯಾಚ್ ಪೆಲೆಟ್ ಡಬ್ಬಿಗಳ ಮೇಲೆ 4.49, 4.50, 4.51 ಎಂದು ಪೆಲೆಟ್ ತಲೆಯ ಅಳತೆ ಮಿ.ಮೀ.ನಲ್ಲಿ ಇರುತ್ತದೆ. ನಿಮ್ಮ ಬ್ಯಾರಲ್ ಯಾವುದನ್ನು ಒಪ್ಪುತ್ತದೆ ಎಂದು ಮೊದಲು ತಿಳಿಯಬೇಕು. ಅದಕ್ಕೆ ಮುಂಚೆ ಡೈ ಮಾಡಿಸಿದರೆ ದುಡ್ಡು ದಂಡ. ಡೈ ಎಂದರೆ ಪೆಲೆಟ್ ತೂರಿಸಿ ಒತ್ತಲು ತೂತು ಮಾಡಿದ ಉಕ್ಕಿನ ತುಂಡು. ಅದು ಇರುವುದು ಪೆಲೆಟ್‌ನ ಹಿಂಭಾಗದ ಟೊಳ್ಳು ಸ್ಕರ್ಟ್ ಸೊಟ್ಟಗಾಗಿದ್ದರೆ ದುಂಡಗೆ ಮಾಡುವುದಕ್ಕೆ. ತಲೆಯ ತಪ್ಪು ಅಳತೆಯನ್ನು ಅದು ಸರಿಮಾಡುವುದಿಲ್ಲ.

ಅಳತೆ ಹುಡುಕುವ ಕೆಲಸ ಸರಳ, ಆದರೆ ಪುರುಸೊತ್ತು ಬೇಕು. ಬ್ಯಾರಲ್‌ಗೆ ಫೆಲ್ಟ್ (ಒರೆಸುವ ಉಣ್ಣೆ ತುಂಡು) ತೂರಿಸಿ ಒರೆಸಿದ ಮೇಲೆ ಇಪ್ಪತ್ತು ಪೆಲೆಟ್ ಸುಮ್ಮನೆ ಹೊಡೆದು ಬಿಡಿ. ಆ ಇಪ್ಪತ್ತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಮೇಲೆ ಒಂದೊಂದು ಅಳತೆಯಲ್ಲೂ ಹತ್ತು. ಮೈಸೂರಿನ ಮೂವತ್ತು ನಲವತ್ತರ ಸೈಟಿಗೆ ಇಲ್ಲೊಂದು ಉಪಕಾರವಿದೆ: ನಲವತ್ತು ಅಡಿ ಎಂದರೆ 12.2 ಮೀಟರ್, ಮನೆ ಪಕ್ಕದ ಓಣಿಯಲ್ಲೇ ಹತ್ತು ಮೀಟರ್ ಸಿಗುತ್ತದೆ. ಕೊನೆಯಲ್ಲಿ ಗಟ್ಟಿ ಗೋಡೆ, ಅದರ ಮುಂದೆ 3 ಮಿ.ಮೀ. ಕಬ್ಬಿಣದ ಶೀಟನ್ನು ಕೆಳಮುಖವಾಗಿ ಓರೆ ಹಾಕಿದ ಪೆಟ್ಟಿಗೆ. ಓಣಿಗೆ ಬರುವ ಬಾಗಿಲಿಗೆ ಚಿಲಕ. ಆಷಾಢದ ಗಾಳಿ ಓಣಿಯೊಳಗೂ ನುಗ್ಗುತ್ತದೆ, ಆ ತಿಂಗಳು ಬೆಳಗ್ಗೆ ಬೇಗ ಮುಗಿಸಿಬಿಡಬೇಕು.

ಪಿಸಿಪಿ (ಮೊದಲೇ ಗಾಳಿ ತುಂಬಿಟ್ಟ ಸಿಲಿಂಡರಿನ) ರೈಫಲ್ ಆದರೆ ಮರಳು ಮೂಟೆಯ ಮೇಲೆ ಒರಗಿಸಿ ಹೊಡೆಯಬಹುದು. ಸ್ಪ್ರಿಂಗ್ ರೈಫಲ್ ಹಾಗಲ್ಲ. ಅದು ಗಟ್ಟಿ ಆಸರೆಯ ಮೇಲೆ ಕುಣಿಯುತ್ತದೆ, ಅಂಗೈ ಬಿಚ್ಚಿ ಅದರ ಮೇಲೆ ಹಗುರಾಗಿ ಮಲಗಿಸಬೇಕು. ಹತ್ತು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಕಳೆದರೆ ಗುಂಪಿನ ನಿಜವಾದ ಅಗಲ ಬರುತ್ತದೆ. ಗುಂಪು ಯಾವ ಅಳತೆಯಲ್ಲಿ ಚಿಕ್ಕದೋ ಅದೇ ನಿಮ್ಮ ಬ್ಯಾರಲ್ ಒಪ್ಪುವ ಅಳತೆ.

ಇಷ್ಟಾದ ಮೇಲೂ ಆಗಾಗ ಒಂದು ಪೆಲೆಟ್ ಗುಂಪು ಬಿಟ್ಟು ಓಡಿಹೋಗುತ್ತಿದ್ದರೆ ಸ್ಕರ್ಟ್ ನೋಡಿ. ಅರ್ಧ ಖಾಲಿಯಾದ ಡಬ್ಬಿ ಬ್ಯಾಗಿನಲ್ಲಿ ಗಲಗಲ ಅಲ್ಲಾಡಿದರೆ ಸಾಕು, ಸೀಸದ ಅಂಚು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಕಣ್ಣಿಗೆ ಕಾಣದ್ದನ್ನು ಗಾಜು ಹೇಳುತ್ತದೆ. ಹಳೇ ಫೋಟೋ ಫ್ರೇಮಿನ ಗಾಜಿನ ಒಂದು ಬದಿಗೆ ಪೆನ್ಸಿಲ್ ಇಟ್ಟು ಇಳಿಜಾರು ಮಾಡಿ, ಪೆಲೆಟ್ ಉರುಳಿಸಿ. ಒಳ್ಳೆಯದು ಸದ್ದಿಲ್ಲದೆ ಒಂದೇ ಬಾಗಿನಲ್ಲಿ ಹೋಗುತ್ತದೆ. ಸೊಟ್ಟಗಾದದ್ದು ಟಕ್ ಟಕ್ ಎಂದು ತಡವರಿಸಿ, ದಾರಿ ತಪ್ಪಿ ಅಂಚಿಗೆ ಹೋಗಿ ನಿಲ್ಲುತ್ತದೆ. ನೂರಕ್ಕೆ ನಾಲ್ಕೈದು ತಡವರಿಸಿದರೆ ಅವನ್ನು ಅಭ್ಯಾಸದ ಡಬ್ಬಿಗೆ ಹಾಕಿ, ಡೈ ಮಾತು ಬಿಡಿ. ಇಪ್ಪತ್ತು ಮೂವತ್ತು ಇದ್ದರೆ ಮಾತ್ರ ಡೈ.

ಡೈ ಮಾಡಿಸಲು ಹೆಬ್ಬಾಳ ಕೈಗಾರಿಕಾ ಪ್ರದೇಶದ ಯಾವ ಲೇತ್ ಶಾಪ್ ಆದರೂ ಸಾಕು, ಹೇಳುವುದನ್ನು ಸರಿಯಾಗಿ ಹೇಳಬೇಕು ಅಷ್ಟೆ. 25 ಮಿ.ಮೀ. ಉದ್ದದ ಇಎನ್8 ಉಕ್ಕಿನ ತುಂಡು, 4.3ರ ಡ್ರಿಲ್, ಆಮೇಲೆ 4.5ರ ಎಚ್7 ರೀಮರ್ (ತೂತನ್ನು ನಿಖರ ಅಳತೆಗೆ ತರುವ ಉಪಕರಣ), ನಿಧಾನ ವೇಗ, ಎಣ್ಣೆ. ಎಚ್7 ಎಂದರೆ ತೂತು 4.500ರಿಂದ 4.512ರ ಒಳಗೆ ಬರುತ್ತದೆ. ಇದು ನಮಗೆ ಬಿಗಿ. ಹಿತ್ತಾಳೆ ಸರಳಿಗೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ತಿಕ್ಕಿ 4.52ಕ್ಕೆ ತಂದುಕೊಳ್ಳಬೇಕು. ಬಾಯಿಯ ಹತ್ತಿರ 60 ಡಿಗ್ರಿ ಕೌಂಟರ್‌ಸಿಂಕ್ (ತೂತಿನ ಬಾಯಿಯ ಓರೆ ಕೆತ್ತು) ಹೊಡೆದು ಕೊಡುತ್ತಾರೆ, ಬೇಡ ಅನ್ನಿ. ಆ ಕಡಿದಾದ ಅಂಚು ಸೀಸವನ್ನು ಒತ್ತುವ ಬದಲು ಕೆರೆಯುತ್ತದೆ. 1:50ರ, ಅಂದರೆ 50 ಮಿ.ಮೀ. ಉದ್ದಕ್ಕೆ 1 ಮಿ.ಮೀ. ಅಗಲವಾಗುವ, ಟೇಪರ್ ಪಿನ್ ರೀಮರ್ ಬೇಕು. ಬಾಯಿ 4.8 ಆಗುವವರೆಗೆ ಬಿಟ್ಟರೆ ಸುಮಾರು 15 ಮಿ.ಮೀ. ಇಳಿಜಾರು, ಉಳಿದ 10 ನೇರ.

ಒತ್ತಲು ಬೆಂಚ್ ಡ್ರಿಲ್ ಸಾಕು, ಮೋಟಾರ್‌ನ ಪ್ಲಗ್ ಕಿತ್ತು. ಚಕ್‌ಗೆ ಹಿತ್ತಾಳೆ ಸರಳು. ಅದರ ತುದಿ ಸ್ಕರ್ಟ್ ಒಳಗೆ ಸಲೀಸಾಗಿ ಹೋಗುವಷ್ಟು ಸಣ್ಣಗೆ, ದುಂಡಗೆ ಇರಬೇಕು. ಚಪ್ಪಟೆ ಸರಳು ಅಂಚಿನ ಮೇಲೆ ಕೂತು, ಸರಿಮಾಡಬೇಕಾದ ಜಾಗವನ್ನೇ ಮಡಚುತ್ತದೆ.

ಹೊಂದಿಸುವುದರಲ್ಲಿ ತಪ್ಪುವುದು ಇಲ್ಲಿ. ಡೈಯನ್ನು ಮೊದಲೇ ಬಿಗಿಯಬೇಡಿ. ಬೋಲ್ಟ್ ಸಡಿಲ ಇಟ್ಟು, ಸರಳಿನ ತುದಿಗೆ ಪೆಲೆಟ್ ಸಿಕ್ಕಿಸಿ, ನೇರ ಭಾಗದ ನಡುವಿನವರೆಗೆ ಇಳಿಸಿ, ಅಲ್ಲೇ ನಿಲ್ಲಿಸಿ ಬಿಗಿಯಿರಿ. ಡೈ ತನ್ನಷ್ಟಕ್ಕೆ ಸರಳಿನ ನೇರಕ್ಕೆ ಬಂದು ಕೂರುತ್ತದೆ. ರೈಫಲ್ ತೋಟಾ ರೀಲೋಡ್ ಮಾಡುವವರೂ ಇದನ್ನೇ ಮಾಡುತ್ತಾರೆ: ಕೇಸ್ (ತೋಟಾದ ಹಿತ್ತಾಳೆ ಕವಚ) ಡೈ ಒಳಗಿರುವಾಗಲೇ ಡೈಯನ್ನು ಹಿಡಿಯುವ ಲಾಕ್ ರಿಂಗ್ ಬಿಗಿಯುತ್ತಾರೆ. ಅಲ್ಲಿ ಅತಿಯಾಗಿ ಒತ್ತಿ ಕೇಸಿನ ಭುಜ ಹಿಂದೆ ಸರಿದರೆ, ಹೊಡೆದಾಗ ಹಿತ್ತಾಳೆ ಹಿಗ್ಗಿ ಬುಡದ ಹತ್ತಿರ ಬಿರುಕು ಬಿಡುತ್ತದೆ. ನಮ್ಮಲ್ಲಿ ಅತಿಯಾದರೆ ಅಂಕ ಹೋಗುತ್ತದೆ, ಅಷ್ಟೆ.

ಡೆಪ್ತ್ ಸ್ಟಾಪ್ ನಟ್ಟನ್ನು ಸರಳು ಡೈ ಕೆಳಗೆ ಒಂದು ಮಿ.ಮೀ. ಮಾತ್ರ ಇಣುಕುವಂತೆ ನಿಲ್ಲಿಸಿ. ಕೆಳಗೆ ಸ್ಪಂಜು ಇಡಿ. ಸ್ಪಂಜಿಲ್ಲದೆ ಕಬ್ಬಿಣದ ಮೇಜಿಗೆ ಬಿದ್ದರೆ ಈಗಷ್ಟೇ ದುಂಡಗಾದ ಸ್ಕರ್ಟ್ ಮತ್ತೆ ಸೊಟ್ಟ. ನಗು ಬರುತ್ತದೆ, ಆದರೆ ಇನ್ನೂರು ಪೆಲೆಟ್ ಒತ್ತಿದ ಮೇಲೆ ಗೊತ್ತಾದರೆ ನಗು ಬರುವುದಿಲ್ಲ.

ಒತ್ತಿದ ಹತ್ತನ್ನು ಅಳೆಯಿರಿ. ಮೈಕ್ರೋಮೀಟರ್‌ನ ರ‍್ಯಾಚೆಟ್ ಒಂದೇ ಸಲ ಕಿಟ್ ಅನ್ನಲಿ, ಎರಡನೆಯ ಸಲಕ್ಕೆ ಸೀಸ ಅದುಮಿಕೊಂಡು ಸುಳ್ಳು ಹೇಳುತ್ತದೆ. ವ್ಯಾಸದ ಜೊತೆ ಉದ್ದವನ್ನೂ ನೋಡಿ. ಒತ್ತದ ಪೆಲೆಟ್‌ಗಿಂತ ಉದ್ದವಾಗಿದ್ದರೆ ಡೈ ಬಿಗಿಯಾಗಿದೆ, ನಡು ಎಳೆದುಕೊಂಡಿದೆ ಎಂದರ್ಥ. ಇನ್ನೊಂದು ಗುರುತು ಬೆರಳಿಗೇ ತಿಳಿಯುತ್ತದೆ: ಬ್ಯಾರಲ್ ಬಾಯಿಗೆ ಇಟ್ಟಾಗ ಸ್ಕರ್ಟ್ ಸ್ವಲ್ಪ ತಡೆದು ಒಳಗೆ ಹೋಗಬೇಕು. ಜಾರಿ ಬಿದ್ದರೆ ಗಾಳಿ ಪಕ್ಕದಿಂದ ಸೋರುತ್ತದೆ, ವೇಗ ಒಂದೊಂದು ಹೊಡೆತಕ್ಕೂ ಬೇರೆ. ಸೆಕೆಂಡಿಗೆ 175 ಮೀಟರ್ ವೇಗದಲ್ಲಿ ಹತ್ತು ಮೀಟರಿಗೆ ಪೆಲೆಟ್ ಸುಮಾರು 16 ಮಿ.ಮೀ. ಇಳಿಯುತ್ತದೆ. ವೇಗ ಮೂರು ಮೀಟರ್ ಕಡಿಮೆಯಾದರೆ ಇನ್ನರ್ಧ ಮಿ.ಮೀ. ಕೆಳಗೆ. ರೈಫಲ್ ಟಾರ್ಗೆಟ್‌ನಲ್ಲಿ 0.1 ಅಂಕಕ್ಕೆ ಕಾಲು ಮಿ.ಮೀ., ಅಂದರೆ 0.2 ಅಂಕ ಅಲ್ಲೇ ಹೋಯಿತು.

ಬಿಗಿ ಅನ್ನಿಸಿದರೆ ಪೇಸ್ಟ್ ಹಚ್ಚಿ ಇನ್ನೊಂದು ನಿಮಿಷ ತಿಕ್ಕಿ, ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಹತ್ತು ಒತ್ತಿ. ಅವಸರದಲ್ಲಿ ತೂತು ಒಮ್ಮೆ ದೊಡ್ಡದಾದರೆ ವಾಪಸು ಬರುವುದಿಲ್ಲ, ಹೊಸ ತುಂಡೇ ಗತಿ.

ಎಣ್ಣೆ ಹಚ್ಚಿ ಒತ್ತುವವರಿದ್ದಾರೆ. ನಾನು ಒಣಗಿಯೇ ಒತ್ತುತ್ತೇನೆ. ಸ್ಪ್ರಿಂಗ್ ರೈಫಲ್‌ನಲ್ಲಿ ಪೆಲೆಟ್‌ನ ಎಣ್ಣೆ ಬಿಸಿ ಗಾಳಿಗೆ ಹೊತ್ತಿಕೊಂಡು ಹೊಗೆ ಬರುತ್ತದೆ, ವೇಗ ಎಗರಾಡುತ್ತದೆ. ಒಣಗಿ ಒತ್ತಿದರೆ ಡೈ ಒಳಗೆ ಸೀಸದ ಪೊರೆ ಕಟ್ಟುತ್ತದೆ. ಐವತ್ತಕ್ಕೊಮ್ಮೆ ಬಿಗಿಯಾಗಿ ಬಟ್ಟೆ ಎಳೆದರೆ ಕಪ್ಪಗೆ ಬರುತ್ತದೆ. ಆ ಬಟ್ಟೆಯನ್ನು ಬೇರೆ ಕವರಿನಲ್ಲಿ ಕಟ್ಟಿಡಿ. ಈ ಕೆಲಸ ಅಡುಗೆಮನೆಯ ಕಟ್ಟೆಯ ಮೇಲೆ ಬೇಡ, ಮಕ್ಕಳು ಓಡಾಡುವ ಕಡೆಯೂ ಬೇಡ. ನಡುವೆ ಕಾಫಿ ಬಂದರೆ ಮೊದಲು ಸೋಪು ಹಾಕಿ ಕೈ ತೊಳೆದು ಬನ್ನಿ.

ಕೊನೆಯ ಪರೀಕ್ಷೆ ಕಾಗದದ ಮೇಲೆ: ಒಂದೇ ಡಬ್ಬಿಯಿಂದ ಒತ್ತಿದ ಹತ್ತು, ಗಾಜಿನ ಮೇಲೆ ಪಾಸಾದ ಒತ್ತದ ಹತ್ತು, ಒಂದಾದ ಮೇಲೊಂದು. ಎರಡು ಗುಂಪೂ ಒಂದೇ ಅಳತೆ ಬಂದರೆ ಡೈ ಸರಿಯಾಗಿ ಕೂತಿದೆ. ಒತ್ತಿದ್ದೇ ದೊಡ್ಡದು ಬಂದರೆ ಡೈ ಇನ್ನೂ ಬಿಗಿಯಾಗಿದೆ. ಒತ್ತಿದ್ದು ಚಿಕ್ಕದು ಬಂದರೆ ಖುಷಿಪಡುವ ಮೊದಲು ಅದೇ ಪರೀಕ್ಷೆಯನ್ನು ಇನ್ನೂ ನಾಲ್ಕು ಸಲ ಮಾಡಿ. ನನ್ನ ಬ್ಯಾರಲ್‌ನಲ್ಲಿ ಮೊದಲ ಸಲ ಕಂಡ ಲಾಭ ಐದನೆಯ ಸಲದ ಹೊತ್ತಿಗೆ ಉಳಿದಿರಲಿಲ್ಲ.