ಮುದ್ದೆ, ಅನ್ನದ ಮನೆಯಲ್ಲಿ ಕೀಟೋ ಶುರು ಮಾಡುವುದು ಹೇಗೆ

ತೂಕ ಇಳಿಸಲು ಮಾಡುವ ಕೀಟೋ ಪಥ್ಯ ಎಂದರೆ ಎಲ್ಲದರ ಮೇಲೂ ತುಪ್ಪ ಸುರಿದುಕೊಂಡು ತಿನ್ನುವುದು ಎಂದು ಬಹಳ ಜನ ನಂಬಿದ್ದಾರೆ. ಅದು ತಪ್ಪು. ದಿನಕ್ಕೆ ತಿನ್ನುವ ಕಾರ್ಬೋಹೈಡ್ರೇಟನ್ನು (ಕಾರ್ಬ್, ಅಂದರೆ ಪಿಷ್ಟ, ಸಕ್ಕರೆ) 20ರಿಂದ 50 ಗ್ರಾಂ ಒಳಗೆ ತರುವುದೇ ಇದರ ಮೂಲ ಕೆಲಸ. ಕಾರ್ಬ್ ಇಳಿಯದೆ ತುಪ್ಪ ಮಾತ್ರ ಏರಿದರೆ ತೂಕವೂ ಏರುತ್ತದೆ.

ಕಾರ್ಬ್ ಅಷ್ಟು ಕಡಿಮೆಯಾದಾಗ ಲಿವರ್‌ನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆ ದಾಸ್ತಾನು ಎರಡು ಮೂರು ದಿನದಲ್ಲಿ ಬಹುಪಾಲು ಖಾಲಿಯಾಗುತ್ತದೆ. ಆಮೇಲೆ ಲಿವರ್ ಕೊಬ್ಬನ್ನು ಒಡೆದು ಕೀಟೋನ್ ಎಂಬ ಇಂಧನ ಮಾಡಿಕೊಡುತ್ತದೆ, ಮೆದುಳು ಅದನ್ನೂ ಉರಿಸತೊಡಗುತ್ತದೆ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಈ ಆಹಾರವನ್ನು ಸೂಚಿಸಿದ್ದು ಮೂರ್ಛೆರೋಗಕ್ಕೆ. ಔಷಧಿಗೆ ಬಗ್ಗದ ಮಕ್ಕಳ ಮೂರ್ಛೆಗೆ ಇಂದಿಗೂ ವೈದ್ಯರ ಉಸ್ತುವಾರಿಯಲ್ಲಿ ಕೊಡುತ್ತಾರೆ. ಚಿಕಿತ್ಸೆಯಾಗಿ ಹುಟ್ಟಿದ ಆಹಾರ ಇದು, ಆದ್ದರಿಂದ ಯಾರಿಗೆ ಕೂಡದು ಎಂಬುದನ್ನು ಮೊದಲು ನೋಡಬೇಕು.

ಯಾರು ಮುಟ್ಟಬಾರದು

ಗರ್ಭಿಣಿಯರು, ಎದೆಹಾಲುಣಿಸುವವರು, ಟೈಪ್ 1 ಮಧುಮೇಹ ಇರುವವರು, ಕಿಡ್ನಿ ಅಥವಾ ಲಿವರ್ ಕಾಯಿಲೆ ಇರುವವರು, ಮೇದೋಜೀರಕ ಗ್ರಂಥಿಯ ಉರಿಯೂತ ಬಂದು ಹೋದವರು ಸ್ವಂತ ನಿರ್ಧಾರದಿಂದ ಶುರು ಮಾಡಬಾರದು. ಪಿತ್ತಕೋಶದ ಕಲ್ಲು, ಗೌಟ್ (ಯೂರಿಕ್ ಆಸಿಡ್ ಹೆಚ್ಚಿ ಬರುವ ಕೀಲುನೋವು) ಇದ್ದರೂ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವವರು ಚೀಟಿಯನ್ನು ಒಮ್ಮೆ ತೆಗೆದು ನೋಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಹೆಸರಿದ್ದರೆ ಕೀಟೋ ಬೇಡವೇ ಬೇಡ. ಈ ಗುಳಿಗೆಯ ಜೊತೆ ಕಾರ್ಬ್ ನಿಲ್ಲಿಸಿದರೆ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಬರಬಹುದು. ಮೀಟರ್‌ನಲ್ಲಿ ಸಕ್ಕರೆ ಹೆಚ್ಚೇನೂ ಕಾಣದೆಯೂ ಇದು ಆಗುವುದರಿಂದ ಗುರುತಿಸುವುದು ಕಷ್ಟ. ಇನ್ಸುಲಿನ್, ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ಮೊದಲ ದಿನವೇ ಸಕ್ಕರೆ ಅಪಾಯಕ್ಕೆ ಇಳಿಯಬಹುದು, ಆದ್ದರಿಂದ ಪ್ರಮಾಣವನ್ನು ವೈದ್ಯರು ಮುಂಚೆಯೇ ಬದಲಿಸಬೇಕು. ಬಿಪಿ ಗುಳಿಗೆಗೂ ಇದೇ ಮಾತು. ಉಳಿದವರು ಕೂಡ ಶುರು ಮಾಡುವ ಮುನ್ನ ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬು), ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ), ಯೂರಿಕ್ ಆಸಿಡ್ ಪರೀಕ್ಷೆ ಮಾಡಿಸಿಕೊಂಡಿರಿ. ಮೂರು ತಿಂಗಳ ಮೇಲೆ ಹೋಲಿಸಿ ನೋಡಲು ಅದು ಬೇಕೇ ಬೇಕು.

ಲೆಕ್ಕ ಎಲ್ಲಿ ತಪ್ಪುತ್ತದೆ

ಗ್ರಾಂ ತೋರಿಸುವ ಅಡುಗೆ ತಕ್ಕಡಿ ಒಂದು ತನ್ನಿ. ಮೊದಲ ಎರಡು ವಾರ ಅಂದಾಜು ಕೆಲಸಕ್ಕೆ ಬರುವುದಿಲ್ಲ. 75 ಗ್ರಾಂ ಹಿಟ್ಟಿನ ಒಂದು ರಾಗಿಮುದ್ದೆಯಲ್ಲಿ ಜೀರ್ಣವಾಗದ ನಾರು ಕಳೆದರೂ ಸುಮಾರು 50 ಗ್ರಾಂ ಕಾರ್ಬ್ ಇದೆ. ಒಂದು ಮುದ್ದೆಗೆ ದಿನದ ಲೆಕ್ಕ ಮುಗಿಯಿತು. ಇಡ್ಲಿ ಒಂದಕ್ಕೆ 10ರಿಂದ 12, ಚಪಾತಿಗೆ 20ರ ಹತ್ತಿರ, ಒಂದು ಬಟ್ಟಲು ಅನ್ನಕ್ಕೆ 40ರ ಮೇಲೆ. ಸಿರಿಧಾನ್ಯ ಆರೋಗ್ಯಕ್ಕೆ ಒಳ್ಳೆಯದು ಎಂದು ನವಣೆ ಅನ್ನಕ್ಕೆ ಬದಲಾಯಿಸಿಕೊಂಡು ಕೀಟೋ ಮಾಡುತ್ತಿದ್ದೇವೆ ಅನ್ನುವವರು ಇದ್ದಾರೆ. ನವಣೆಯಲ್ಲೂ ನೂರು ಗ್ರಾಂ ಧಾನ್ಯಕ್ಕೆ 60 ಗ್ರಾಂ ಕಾರ್ಬ್ ಇದೆ. ನಾರು ಹೆಚ್ಚು, ನಿಜ. ಆದರೂ ಇದು ಕೀಟೋ ಆಹಾರವಲ್ಲ.

ಅನ್ನ ಬಿಟ್ಟವರೂ ಎಡವುವುದು ಸಾರು, ಹುಳಿಯಲ್ಲಿ. 30 ಗ್ರಾಂ ತೊಗರಿಬೇಳೆಯಿಂದ 16 ಗ್ರಾಂ, ನೆಲ್ಲಿಕಾಯಿ ಗಾತ್ರದ ಬೆಲ್ಲದಿಂದ 9, ಅಷ್ಟೇ ಹುಣಸೆಯಿಂದ 5ರಿಂದ 6. ಬೆಲ್ಲ, ಜೇನುತುಪ್ಪ ಸಕ್ಕರೆಗಿಂತ ಒಳ್ಳೆಯದು ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಹೋಟೆಲಿನ ಮೀನು ಫ್ರೈಗೆ ರವೆ, ಗ್ರೇವಿಗೆ ಕಾರ್ನ್‌ಫ್ಲೋರ್ ಮತ್ತು ಗೋಡಂಬಿ. ಶುಗರ್‌ಫ್ರೀ ಬಿಸ್ಕತ್ತಿನಲ್ಲಿ ಸಕ್ಕರೆ ಇಲ್ಲದಿದ್ದರೂ ಹೆಚ್ಚಾಗಿ ಮೈದಾ ಇರುತ್ತದೆ.

ಹಾಗೆಂದು ನಮ್ಮ ಅಡುಗೆ ಕೀಟೋಗೆ ಒಗ್ಗುವುದಿಲ್ಲ ಎಂದಲ್ಲ. ಸೊಪ್ಪಿನ ಪಲ್ಯ, ಹೀರೆಕಾಯಿ, ಬದನೆ, ಬೂದುಗುಂಬಳದ ಮಜ್ಜಿಗೆಹುಳಿ, ಒಂದೆಲಗದ ತಂಬುಳಿ, ಹೆಸರುಬೇಳೆ ಬಿಟ್ಟ ಸೌತೆಕಾಯಿ ಕೋಸಂಬರಿ, ಅಗಸೆ ಮತ್ತು ಗುರೆಳ್ಳಿನ ಚಟ್ನಿಪುಡಿ, ರೊಟ್ಟಿ ಇಲ್ಲದ ಕೋರಿ ಗಸಿ, ಎಲ್ಲವೂ ನಡೆಯುತ್ತವೆ. ಹಸಿ ತೆಂಗಿನಕಾಯಿಯ ನೂರು ಗ್ರಾಂ ತುರಿಯಲ್ಲಿ ನಾರು ಕಳೆದರೆ ಕಾರ್ಬ್ 6 ಗ್ರಾಂ, ಕೊಬ್ಬು 33 ಗ್ರಾಂ. ಇಷ್ಟು ಅನುಕೂಲದ ಪದಾರ್ಥ ಬೇರೆಯವರ ಅಡುಗೆಮನೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಒಂದು ದಿನದ ಊಟ

ಪ್ರೋಟೀನ್ ಮೊದಲು ಗೊತ್ತುಮಾಡಿಕೊಳ್ಳಿ: ತಲುಪಬೇಕಾದ ತೂಕದ ಪ್ರತಿ ಕಿಲೋಗೆ 1.2 ಗ್ರಾಂ. 55 ಕಿಲೋ ಗುರಿ ಇದ್ದರೆ 66 ಗ್ರಾಂ. ಇದು ಕಡಿಮೆಯಾದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಕೆಲ ತಿಂಗಳಲ್ಲಿ ಕೂದಲು ಉದುರಲೂಬಹುದು. ಬೇಳೆ ಬಿಟ್ಟ ಸಸ್ಯಾಹಾರಿಗಳು ಇದನ್ನು ಪನೀರ್, ತೋಫು, ಮೊಸರಿನಿಂದಲೇ ತುಂಬಿಸಿಕೊಳ್ಳಬೇಕು.

ಬೆಳಿಗ್ಗೆ 30 ಎಂಎಲ್ ಹಾಲು ಹಾಕಿದ, ಸಕ್ಕರೆ ಇಲ್ಲದ ಕಾಫಿ. ತಿಂಡಿಗೆ 100 ಗ್ರಾಂ ಪನೀರ್, 50 ಗ್ರಾಂ ದೊಣ್ಣೆಮೆಣಸಿನಕಾಯಿ ಹುರಿದು ಒಂದು ಹಿಡಿ ಕಾಯಿತುರಿ. ಮಧ್ಯಾಹ್ನ 150 ಗ್ರಾಂ ಹುರುಳಿಕಾಯಿ ಪಲ್ಯ, ಎರಡು ಮೊಟ್ಟೆ ಅಥವಾ 100 ಗ್ರಾಂ ತೋಫು, 100 ಗ್ರಾಂ ಮೊಸರು. ಸಂಜೆ 20 ಗ್ರಾಂ ಹುರಿದ ಕಡಲೆಕಾಯಿ ಬೀಜ, ಒಂದು ಲೋಟ ನೀರು ಮಜ್ಜಿಗೆ. ರಾತ್ರಿ ಹೂಕೋಸಿನ ಚಿತ್ರಾನ್ನ, 75 ಗ್ರಾಂ ಪನೀರ್. ಅಡುಗೆಗೆ ದಿನಕ್ಕೆ ಒಟ್ಟು ಮೂರು ದೊಡ್ಡ ಚಮಚ ಎಣ್ಣೆ ಅಥವಾ ತುಪ್ಪ. ಕಾರ್ಬ್ 40 ಗ್ರಾಂ ಆಸುಪಾಸು, ಪ್ರೋಟೀನ್ ಸುಮಾರು 65. ಮಾಂಸಾಹಾರಿಗಳು ಪನೀರ್ ಬದಲು ಕೋಳಿ, ಮೀನು ತಿಂದರೆ ಕಾರ್ಬ್ ಇನ್ನೂ ಇಳಿಯುತ್ತದೆ.

ಹೂಕೋಸಿನ ಚಿತ್ರಾನ್ನ ಹೆಚ್ಚಿನವರ ಕೈಯಲ್ಲಿ ಗೊಜ್ಜಾಗಿಬಿಡುತ್ತದೆ. ಕಾರಣ ನೀರು. 150 ಗ್ರಾಂ ಹೂಕೋಸನ್ನು ತುರಿಯುವ ಮೊದಲೇ ತೊಳೆದು, ಬಟ್ಟೆಯ ಮೇಲೆ ಪೂರ್ತಿ ಒಣಗಿಸಿ. ದಪ್ಪ ಕಣ್ಣಿನ ತುರಿಮಣೆಯಲ್ಲಿ ಅಕ್ಕಿಕಾಳಿನಷ್ಟು ತುರಿಯಿರಿ. ಅಗಲ ಬಾಣಲೆಯಲ್ಲಿ ಒಂದು ದೊಡ್ಡ ಚಮಚ ಎಣ್ಣೆಗೆ ಸಾಸಿವೆ, 15 ಗ್ರಾಂ ಕಡಲೆಕಾಯಿ ಬೀಜ, ಹಸಿಮೆಣಸು, ಕರಿಬೇವು, ಇಂಗು, ಅರಿಶಿನ. ಕಡಲೆಬೇಳೆ, ಉದ್ದಿನಬೇಳೆ ಬೇಡ. ತುರಿ ಹಾಕಿ ದೊಡ್ಡ ಉರಿಯಲ್ಲಿ ನಾಲ್ಕೈದು ನಿಮಿಷ ಕೈಯಾಡಿಸಿ. ಮುಚ್ಚಳ ಮುಚ್ಚಬೇಡಿ, ಉಪ್ಪನ್ನು ಮೊದಲೇ ಹಾಕಬೇಡಿ, ಎರಡರಿಂದಲೂ ನೀರು ಬಿಡುತ್ತದೆ. ಕಚ್ಚಿದರೆ ಸ್ವಲ್ಪ ಗಟ್ಟಿ ಇರುವಾಗಲೇ ಇಳಿಸಿ, ಉಪ್ಪು, ನಿಂಬೆರಸ, ಕೊತ್ತಂಬರಿ ಸೇರಿಸಿ.

ಮೊದಲ ವಾರದ ತಲೆನೋವು

ಎರಡನೇ ಅಥವಾ ಮೂರನೇ ದಿನ ತಲೆನೋವು, ಸುಸ್ತು, ಎದ್ದು ನಿಂತರೆ ಕಣ್ಣು ಕತ್ತಲೆ, ರಾತ್ರಿ ಮೀನಖಂಡ ಹಿಡಿಯುವುದು ಶುರುವಾಗಬಹುದು. ಬಹಳ ಜನ ಕೀಟೋ ಬಿಡುವುದು ಇಲ್ಲಿಯೇ. ಇನ್ಸುಲಿನ್ ಇಳಿದಾಗ ಕಿಡ್ನಿ ಸೋಡಿಯಂ ಅನ್ನು ಹೆಚ್ಚು ಹೊರಹಾಕುತ್ತದೆ, ಅದರ ಹಿಂದೆ ನೀರೂ ಹೋಗುತ್ತದೆ. ಬರೀ ನೀರು ಕುಡಿದರೆ ಇದು ಸರಿಹೋಗುವುದಿಲ್ಲ, ಉಪ್ಪೂ ಬೇಕು. ಅಡುಗೆಯ ಉಪ್ಪಲ್ಲದೆ ದಿನಕ್ಕೆ ಅರ್ಧ ಟೀ ಚಮಚ ಉಪ್ಪನ್ನು ಮಜ್ಜಿಗೆ, ನಿಂಬೆ ನೀರು ಅಥವಾ ಮೂಳೆ ಸಾರಿನಲ್ಲಿ ಹಂಚಿಕೊಂಡು ಕುಡಿಯಿರಿ. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರಿಗೆ ಈ ಸಲಹೆ ಅನ್ವಯಿಸುವುದಿಲ್ಲ. ಸೊಪ್ಪು, ಕುಂಬಳದ ಬೀಜ ತಿಂದರೆ ಪೊಟ್ಯಾಶಿಯಂ, ಮೆಗ್ನೀಶಿಯಂ ಸಿಗುತ್ತದೆ.

ಮಲಬದ್ಧತೆಗೆ ಸೊಪ್ಪು ಹೆಚ್ಚಿಸಿ, ಒಂದು ಚಮಚ ಕಾಮಕಸ್ತೂರಿ ಬೀಜ ನೆನೆಸಿ ಕುಡಿಯಿರಿ. ಭೇದಿಯಾದರೆ ಕೊಬ್ಬರಿ ಎಣ್ಣೆಯನ್ನು ಒಮ್ಮೆಲೇ ಹೆಚ್ಚು ಮಾಡಿದ್ದಿರಬಹುದು, ಇಳಿಸಿ. ಬಾಯಿ ವಾಸನೆ ಅಸಿಟೋನ್ ಎಂಬ ಕೀಟೋನಿನದು, ಕೆಲ ವಾರದಲ್ಲಿ ಕಡಿಮೆಯಾಗುತ್ತದೆ. ಆದರೆ ವಾಂತಿ, ಹೊಟ್ಟೆನೋವು, ಏದುಸಿರು ಒಟ್ಟಿಗೆ ಬಂದರೆ ಮನೆಮದ್ದು ಮಾಡುತ್ತ ಕೂರಬೇಡಿ. ಆಸ್ಪತ್ರೆಗೆ ಹೋಗಿ, ಕೀಟೋ ಮಾಡುತ್ತಿರುವುದನ್ನೂ ನುಂಗುತ್ತಿರುವ ಗುಳಿಗೆಗಳನ್ನೂ ಮೊದಲೇ ಹೇಳಿ.

ತಕ್ಕಡಿ ಏನು ಹೇಳುತ್ತದೆ

ಮೊದಲ ವಾರ ಇಳಿಯುವ ಒಂದೆರಡು ಕಿಲೋದಲ್ಲಿ ಹೆಚ್ಚಿನದು ನೀರು, ಏಕೆಂದರೆ ಒಂದು ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಎರಡನೇ ವಾರ ವೇಗ ತಗ್ಗಿದರೆ ಕೆಟ್ಟಿತು ಎಂದುಕೊಳ್ಳಬೇಡಿ, ಸೊಂಟದ ಅಳತೆ ತೆಗೆಯಿರಿ. ರಕ್ತದ ಕೀಟೋನ್ ಲೀಟರಿಗೆ 0.5ರಿಂದ 3 ಮಿಲಿಮೋಲ್ ಒಳಗಿದ್ದರೆ ಸಾಕು. ಮೂತ್ರದಲ್ಲಿ ಕೀಟೋನ್ ನೋಡುವ ಪಟ್ಟಿಯ ಬಣ್ಣ ಕೆಲವು ವಾರಗಳ ನಂತರ ನಂಬಿಕೆಗೆ ತಕ್ಕದ್ದಲ್ಲ. ಮೂರು ತಿಂಗಳಿಗೆ ಲಿಪಿಡ್ ಪರೀಕ್ಷೆ ಮತ್ತೆ ಮಾಡಿಸಿ. ಕೆಲವರಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ ಜೋರಾಗಿ ಏರುತ್ತದೆ. ಏರಿದ್ದರೆ ತುಪ್ಪ, ಕೊಬ್ಬರಿ ಎಣ್ಣೆ ತಗ್ಗಿಸಿ ಕಡಲೆಕಾಯಿ ಎಣ್ಣೆ, ಬಾದಾಮಿ, ಮೀನಿಗೆ ತಿರುಗಿ, ವೈದ್ಯರಿಗೆ ತೋರಿಸಿ.

ನಿಲ್ಲಿಸುವಾಗ ಒಂದೇ ದಿನಕ್ಕೆ ಹೋಳಿಗೆ ಊಟಕ್ಕೆ ಹಾರಬೇಡಿ. ಪ್ರತಿ ವಾರವೂ ದಿನದ ಲೆಕ್ಕಕ್ಕೆ 15 ಗ್ರಾಂ ಕಾರ್ಬ್ ಸೇರಿಸುತ್ತ ಬನ್ನಿ: ಮೊದಲು ಸಾರಿಗೆ ಬೇಳೆ, ಆಮೇಲೆ ಮಧ್ಯಾಹ್ನಕ್ಕೆ ಪುಟ್ಟ ಮುದ್ದೆ, ಕೊನೆಗೆ ಅನ್ನ. ಗ್ಲೈಕೋಜನ್ ತುಂಬಿಕೊಳ್ಳುವಾಗ ಒಂದೆರಡು ಕಿಲೋ ತಿರುಗಿ ಬರುತ್ತದೆ. ಅದು ನೀರು, ಅದಕ್ಕೆ ಹೆದರಿ ಮತ್ತೆ ಉಪವಾಸ ಕೂರಬೇಕಿಲ್ಲ.