ಡ್ಯೂಯಿ ಬಿಡದೆಯೇ ಕಪಾಟು ಸರಿಮಾಡಿದ ಬಗೆ

ಕರಾವಳಿಯ ಒಂದು ಕಾಲೇಜು ಗ್ರಂಥಾಲಯ. ಅಂದಾಜು 12,000 ಪುಸ್ತಕ, ಪಟ್ಟಿ ಇಡುವ ತಂತ್ರಾಂಶ ಕೊಹಾ, ವಿಷಯದ ಪ್ರಕಾರ ಪುಸ್ತಕಕ್ಕೆ ಸಂಖ್ಯೆ ಕೊಡುವ ಪದ್ಧತಿ ಡ್ಯೂಯಿ. ಕನ್ನಡ, ತುಳು, ಕೊಂಕಣಿ, ಬ್ಯಾರಿ ನಾಲ್ಕೂ ಕನ್ನಡ ಲಿಪಿಯಲ್ಲಿವೆ ಎಂಬ ಒಂದೇ ಕಾರಣಕ್ಕೆ ಸಾಹಿತ್ಯವೆಲ್ಲ ಕನ್ನಡ ಸಾಹಿತ್ಯದ ಸಂಖ್ಯೆಯಾದ 894.814ರಲ್ಲಿ ಕುಳಿತಿತ್ತು. ಹೆಂಗಸರು ಬರೆದದ್ದಕ್ಕೆ ಬೇರೆ ಕಪಾಟು, ದಲಿತ ಸಾಹಿತ್ಯಕ್ಕೆ ಮೂಲೆಯಲ್ಲೊಂದು ಕಪಾಟು. ಇದನ್ನು ಬದಲಿಸುತ್ತೇವೆ ಎಂದಾಗ ಬಂದ ಆಕ್ಷೇಪಗಳು ಎರಡೇ: ‘ನ್ಯಾಕ್‌ನವರು ಬಂದರೆ ಏನು ಹೇಳ್ತೀರಿ?’ (ನ್ಯಾಕ್ ಎಂದರೆ ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಮತ್ತು ‘ಹೊರಗಿನ ರೆಕಾರ್ಡ್ ಇಳಿಸಿಕೊಂಡಾಗ ಎಲ್ಲ ಕಲಸಿಹೋಗ್ತದೆ’. ಎರಡೂ ಆಗಲಿಲ್ಲ. ಆಗ ತಲೆ ಅಲ್ಲಾಡಿಸಿದ್ದವರೇ ಈಗ ನಮ್ಮ ಕೋಷ್ಟಕ ಕೇಳಿ ಒಯ್ಯುತ್ತಿದ್ದಾರೆ.

ಪುಸ್ತಕದ ವಿವರ ತುಂಬುವ ಮಾರ್ಕ್ ರೆಕಾರ್ಡಿನಲ್ಲಿ ಒಂದೊಂದು ವಿವರಕ್ಕೂ ಸಂಖ್ಯೆಯಿರುವ ಒಂದೊಂದು ಅಂಕಣ. ಕೀಲಿ ಇಷ್ಟೇ: 082 ಮುಟ್ಟಬಾರದು. ಅಲ್ಲಿ ಶುದ್ಧ ಡ್ಯೂಯಿ ಹಾಗೇ ಇರಲಿ. ಸ್ಥಳೀಯ ಸಂಖ್ಯೆ 084ಕ್ಕೆ, ಬೆನ್ನಿನ ಲೇಬಲ್ಲಿಗೆ ಹೋಗುವುದು 952ರ ಕಾಲ್ ನಂಬರಿಗೆ (ಕಪಾಟಿನ ಜಾಗ ಹೇಳುವ ಸಂಖ್ಯೆ). ಝಡ್39.50 (ಬೇರೆ ಗ್ರಂಥಾಲಯಗಳಿಂದ ರೆಕಾರ್ಡ್ ಇಳಿಸಿಕೊಳ್ಳುವ ವಿಧಾನ) ಮೂಲಕ ಬರುವ ರೆಕಾರ್ಡ್ 952ನ್ನು ಮುಟ್ಟುವುದಿಲ್ಲ, ಹಾಗಾಗಿ ಕಪಾಟು ಕದಲುವುದಿಲ್ಲ. ತಪಾಸಣೆಗೆ ಬಂದವರಿಗೆ 082 ತೋರಿಸಿದರೆ ಮುಗಿಯಿತು.

ಸ್ಥಳೀಯ ಸಾಹಿತ್ಯವನ್ನು ಮುಂದಕ್ಕೆ ತರಲು ಡ್ಯೂಯಿಯಲ್ಲೇ ದಾರಿ ಇದೆ. ಒಂದೋ ಅಮೆರಿಕನ್ ಸಾಹಿತ್ಯದ 810ನ್ನೇ ನಮ್ಮ ಭಾಷೆಗೆ ಕೊಡಬಹುದು, ಇಲ್ಲವೇ ಅಕ್ಷರ ಸೇರಿಸಿ 810ಕ್ಕಿಂತ ಮೊದಲು ಕೂರಿಸಬಹುದು. 810 ಬೇಡ: ಇಂಗ್ಲಿಷ್ ವಿಭಾಗದ ಅಮೆರಿಕನ್ ಪುಸ್ತಕಗಳ ಜೊತೆ ಮೊದಲ ವಾರವೇ ಡಿಕ್ಕಿಯಾಗುತ್ತದೆ. ನಾವು ಅಕ್ಷರ ಹಿಡಿದೆವು. ಕನ್ನಡ ಕಾದಂಬರಿ 894.8143 ಇದ್ದದ್ದು 8ಕ3 ಆಯಿತು. ತುಳು 8ತು3, ಕೊಂಕಣಿ 8ಕೊಂ3, ಬ್ಯಾರಿ 8ಬ್ಯಾ3. ನಾಲ್ಕಕ್ಕೂ ಒಂದೇ ಉದ್ದದ ಹಕ್ಕು, ಯಾವುದೂ ಇನ್ನೊಂದರ ಉಪವಿಭಾಗವಲ್ಲ. ಯಂತ್ರದೊಳಗೆ ಮಾತ್ರ ರೋಮನ್ ಅಕ್ಷರವೇ ಇರಲಿ, ಕೌಂಟರಿನಲ್ಲಿ ಟೈಪ್ ಮಾಡುವವರು ಬದುಕುತ್ತಾರೆ.

ಭಾಷಾ ಕೋಡಿನಲ್ಲೂ ಇದೇ ಅನ್ಯಾಯ. ಮಾರ್ಕ್ ಪಟ್ಟಿಯಲ್ಲಿ ಕನ್ನಡಕ್ಕೆ ಸ್ವಂತ ಕೋಡ್ ಇದೆ. ತುಳುವಿಗಿಲ್ಲ, ಅದು ‘ಇತರ ದ್ರಾವಿಡ’ ಎಂಬ ಚೀಲದೊಳಗೆ. 008ರಲ್ಲಿ ಆ ಚೀಲದ ಕೋಡನ್ನೇ ಹಾಕಿ, 041ರ ಎರಡನೇ ಸೂಚಕ 7 (ಕೋಡ್ ಬೇರೆ ಪಟ್ಟಿಯದು ಎಂಬ ಗುರುತು) ಮಾಡಿ, ಭಾಷೆಗಳ ಅಂತರರಾಷ್ಟ್ರೀಯ ಕೋಡುಪಟ್ಟಿಯಾದ ಐಎಸ್‌ಒ 639-3ರ ಮೂರಕ್ಷರದ ಕೋಡ್ ಕೊಡಿ. ತುಳುವಿಗೆ ಟಿಸಿವೈ. ಲಿಪಿ 546ರಲ್ಲಿ ಬರಲೇಬೇಕು. ಕೊಂಕಣಿಯನ್ನು ದೇವನಾಗರಿಯಲ್ಲಿ ಓದುವವರು ಬೇರೆ, ಕನ್ನಡ ಲಿಪಿಯಲ್ಲಿ ಓದುವವರು ಬೇರೆ.

ಹೆಸರುಗಳೇ ಹೆಚ್ಚು ಸಮಯ ತಿಂದವು. ಹಳೆಯ ಪಟ್ಟಿ ನುಡಿ ತಂತ್ರಾಂಶದಿಂದ ಯೂನಿಕೋಡಿಗೆ ಬಂದದ್ದು, ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪಿತ್ತು. ‘ಕೊ’ ಕೆಲವು ಕಡೆ ಒಂದೇ ಸ್ವರಚಿಹ್ನೆಯಾಗಿ, ಕೆಲವು ಕಡೆ ಎತ್ವ ಮತ್ತು ಊತ್ವದ ಚಿಹ್ನೆ ಎರಡಾಗಿ ಕೂತಿತ್ತು. ಕಣ್ಣಿಗೆ ಒಂದೇ, ಯಂತ್ರಕ್ಕೆ ಇಬ್ಬರು ಲೇಖಕರು. ಮೊದಲು ಎನ್‌ಎಫ್‌ಸಿ (ಯೂನಿಕೋಡಿನಲ್ಲಿ ಒಂದೇ ಅಕ್ಷರದ ಬೇರೆ ರೂಪಗಳನ್ನು ಒಂದಾಗಿಸುವ ಕ್ರಮ) ಮಾಡಿ, ಆಮೇಲೆ ಅಕ್ಷರಗಳ ನಡುವೆ ಕೂರುವ ಅದೃಶ್ಯ ಜಾಯಿನರ್‌ಗಳ ಮೇಲೆ ಕಣ್ಣಿಡಿ. ಓಪನ್‌ರಿಫೈನ್‌ನ ಕ್ಲಸ್ಟರಿಂಗ್ (ಪಟ್ಟಿ ಶುದ್ಧಮಾಡುವ ಈ ತಂತ್ರಾಂಶ ಒಂದೇ ಎನಿಸುವ ಹೆಸರುಗಳನ್ನು ಗುಂಪು ಮಾಡುವುದು) ತೋರಿಸಿದ್ದನ್ನು ಕಣ್ಣಲ್ಲಿ ನೋಡದೆ ಒಪ್ಪಬೇಡಿ. ಲೇಬಲ್ಲಿನ ಲೇಖಕಚಿಹ್ನೆಗೆ ಹೆಸರಿನ ಮೊದಲ ಮೂರು ಅಕ್ಷರ ತೆಗೆಯಲು ಎಕ್ಸೆಲ್‌ನ ಲೆಫ್ಟ್ ಸೂತ್ರ ಬಳಸಿದರೆ ‘ಕ್ಷ’ ಒಂದೇ ಮೂರರ ಲೆಕ್ಕ ತಿಂದುಬಿಡುತ್ತದೆ. ಇಡೀ ಅಕ್ಷರಗುಚ್ಛ ಎಣಿಸುವ ರೆಜೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಬೇಕು.

ವಚನಕಾರ್ತಿಯರ ಹೆಸರುಗಳಿಗೆ ಬೇರೆಯೇ ನಿಯಮ ಮಾಡಬೇಕಾಯಿತು. ‘ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ’ ಉ ಅಕ್ಷರದಡಿ, ಗಂಡನ ಪಕ್ಕ ಬರುತ್ತಿದ್ದಳು. ಗಂಡನ ಹೆಸರು ಕಿತ್ತೇಬಿಡೋಣ ಎಂದರೆ ಸಿದ್ಧಬುದ್ಧಯ್ಯಗಳ ಪುಣ್ಯಸ್ತ್ರೀಯೂ ಕಾಳವ್ವೆ, ಬಾಚಿಕಾಯಕದ ಬಸವಯ್ಯಗಳ ಪುಣ್ಯಸ್ತ್ರೀಯೂ ಕಾಳವ್ವೆ. ಅಂಕಿತದಿಂದ ಬೇರೆ ಮಾಡಲು ಹೋದರೆ ಮೊದಲನೆಯವಳದು ‘ಉರಿಲಿಂಗಪೆದ್ದಿಗಳರಸ’, ಅಲ್ಲೂ ಅವನೇ! ಕೊನೆಗೆ ಲೇಖಕರ ಅಂಕಣವಾದ 100ರಲ್ಲಿ ಮೊದಲು ಕಾಳವ್ವೆ, ಗುರುತಿನ ಮಾತು ಆಮೇಲೆ. ಹಳೆಯ ರೂಪ ಅಥಾರಿಟಿಯ (ಹೆಸರಿನ ಒಪ್ಪಿತ ರೂಪ ಇಡುವ ರೆಕಾರ್ಡ್) 400ಕ್ಕೆ, ಪರ್ಯಾಯ ಹೆಸರಾಗಿ ಹೋಯಿತು.

ದಲಿತ ಸಾಹಿತ್ಯದ ಮೂಲೆ ಕಪಾಟು ತೆಗೆದು ಕಾದಂಬರಿಯನ್ನು ಕಾದಂಬರಿಗೆ, ಕವಿತೆಯನ್ನು ಕವಿತೆಗೆ ಸೇರಿಸಿದೆವು. ಮೊದಲ ಸುತ್ತಿನಲ್ಲಿ ವಿಷಯಪದವೂ ಹೋಯಿತು, ಎಂಎ ವಿದ್ಯಾರ್ಥಿಗಳಿಗೆ ಹುಡುಕಿದರೆ ಏನೂ ಸಿಗದಂತಾಯಿತು. ಈಗ ಜಾಗ ಒಂದೇ, ವಿಷಯಪದ ಎಷ್ಟು ಬೇಕಾದರೂ, ವಿಷಯದ 650ರಲ್ಲೂ ಪ್ರಕಾರದ 655ರಲ್ಲೂ. ಲೇಖಕರ ಗುರುತು ಬರೆಯುವ 386 ಮಾತ್ರ ಖಾಲಿ. ಅವರೇ ಪುಸ್ತಕದಲ್ಲಿ ಹೇಳಿಕೊಂಡಿದ್ದರೆ ತುಂಬಬಹುದು. ಹೆಸರು ನೋಡಿ ಜಾತಿ ಊಹಿಸುವ ಕೆಲಸ ಗ್ರಂಥಪಾಲಕನದಲ್ಲ.

ಡ್ಯೂಯಿಯಲ್ಲಿ ಧರ್ಮಕ್ಕಿರುವ 200ರ ಕಥೆ ಎಲ್ಲರಿಗೂ ಗೊತ್ತು: 220ರಿಂದ 280ರವರೆಗೆ ಕ್ರೈಸ್ತಧರ್ಮ, ಉಳಿದವರೆಲ್ಲ 290ರಲ್ಲಿ. ನಮ್ಮಲ್ಲಿ ದೈವಾರಾಧನೆಯ ಪುಸ್ತಕಗಳು ಕೆಲವು 133.1ರಲ್ಲಿ ಪ್ರೇತಗಳ ಜೊತೆ, ಕೆಲವು 398ರಲ್ಲಿ ಅಜ್ಜಿಕಥೆಗಳ ಜೊತೆ ಸಿಕ್ಕವು. ಹಿಂದೂಧರ್ಮದ 294.5ರ ಒಳಗೋ ಹೊರಗೋ ಎಂಬ ಜಗಳಕ್ಕೆ ಹೋಗದೆ 290ರಲ್ಲೇ ಅಕ್ಷರ ಕೊಟ್ಟು ಸ್ವಂತ ಜಾಗ ಮಾಡಿದೆವು. ವಚನದ ಪಠ್ಯ ಸಾಹಿತ್ಯಕ್ಕೆ, ಆಚರಣೆಯ ಪುಸ್ತಕ ಧರ್ಮಕ್ಕೆ. ಎರಡೂ ಆಗಿರುವ ಪುಸ್ತಕಕ್ಕೆ ನಮ್ಮಲ್ಲಿ ಒಂದು ಒಳನಿಯಮವಿದೆ, ಅದನ್ನು ಸದ್ಯ ಹಂಚುವುದಿಲ್ಲ. ಗ್ರಂಥಾಲಯಕ್ಕೆ ಬೀಗ ಹಾಕದೆ ಕಪಾಟು ಸರಿಸಿದ ಕ್ರಮವನ್ನೂ ಅಷ್ಟೇ.

ಖರ್ಚು ಲೇಬಲ್ಲಿನದೇ. ಡೈರೆಕ್ಟ್ ಥರ್ಮಲ್ (ಶಾಯಿಯಿಲ್ಲದೆ ಕಾಗದ ಬಿಸಿಮಾಡಿ ಅಚ್ಚೊತ್ತುವುದು) ಅಗ್ಗ, ಆದರೆ ನಮ್ಮ ಸೆಕೆಗೆ, ಬಿಸಿಲಿಗೆ ಮಾಸುತ್ತದೆ. ಮೊದಲ ಸಾವಿರ ಚಿಲ್ಲರೆ ಲೇಬಲ್ ಹೀಗೇ ದಂಡವಾಯಿತು. ರಿಬ್ಬನ್ ಹಾಕುವ ಥರ್ಮಲ್ ಟ್ರಾನ್ಸ್‌ಫರೇ ಬೇಕು. ಮೇಲಿನ ಪಾರದರ್ಶಕ ಟೇಪೂ ಸೇರಿ ಪುಸ್ತಕಕ್ಕೆ ಒಂದೂವರೆ ರೂಪಾಯಿ ಆಸುಪಾಸು ಬಿತ್ತು. ಪ್ರಿಂಟರಿನ ಒಳಗಿನ ಫಾಂಟಿನಲ್ಲಿ ಕನ್ನಡ ಇರುವುದಿಲ್ಲ, ವಿಂಡೋಸ್ ಡ್ರೈವರಿನಿಂದ ನಿರ್ಮಲಾ ಯುಐ ಫಾಂಟಿನಲ್ಲಿ ಚಿತ್ರವಾಗಿ ಕಳಿಸಿ.

ನಡುವೆ ಆನಿಫ್ ಕೂಡ ನೋಡಿದೆವು. ಫಿನ್‌ಲ್ಯಾಂಡಿನ ರಾಷ್ಟ್ರೀಯ ಗ್ರಂಥಾಲಯದ, ಪುಸ್ತಕದ ವಿಷಯ ತಾನೇ ಸೂಚಿಸುವ ಮುಕ್ತ ತಂತ್ರಾಂಶ. ಹಳೆಯ ಪಟ್ಟಿಯ ಶೀರ್ಷಿಕೆ ಕೊಟ್ಟು ಕಲಿಸಿದಾಗ ನಿಖರತೆ ನೂರಕ್ಕೆ ಎಪ್ಪತ್ತರ ಹತ್ತಿರ ಬಂತು. ಬಿಡಿಸಿ ನೋಡಿದರೆ ಬಹುಪಾಲು ಪುಸ್ತಕ ಕನ್ನಡ ಕಾದಂಬರಿಯೇ ಆದ್ದರಿಂದ ಅದು ಹೆಚ್ಚಿನದನ್ನು ಕಾದಂಬರಿ ಎಂದು ಗೆದ್ದಿತ್ತು. ತುಳು ಪುಸ್ತಕ ಬಹುತೇಕ ಜಾನಪದಕ್ಕೇ ಹೋಗಿತ್ತು, ಹಳಬರು ಕಲಿಸಿದ್ದೇ ಅದು. ಒಟ್ಟು ನಿಖರತೆ ಬಿಟ್ಟು, ಪ್ರತಿ ಭಾಷೆಯ ಪುಸ್ತಕ ಎಷ್ಟು ಪಾಲು ಸರಿಯಾದ ಕಡೆ ಬಿತ್ತು ಎಂದು ಬೇರೆ ಬೇರೆ ಎಣಿಸಿ.

ಇನ್ನೂ ಸರಿಹೋಗದ್ದು ಯಕ್ಷಗಾನ. ಪ್ರಸಂಗದ ಪಠ್ಯ ನಾಟಕವೆಂದು 8ಕ2, ತುಳು ಪ್ರಸಂಗ 8ತು2, ಪ್ರದರ್ಶನದ ಪುಸ್ತಕ 792. ಆದರೆ ತಾಳಮದ್ದಳೆಯ ಅರ್ಥಗಾರಿಕೆ (ಕಲಾವಿದ ಸ್ಥಳದಲ್ಲೇ ಕಟ್ಟಿ ಆಡುವ ಮಾತು) ಅಚ್ಚಾಗಿ ಬಂದರೆ ಲೇಖಕ ಯಾರು, ಪ್ರಸಂಗಕರ್ತನೋ ಅರ್ಥಧಾರಿಯೋ? ಸದ್ಯ 100ರಲ್ಲಿ ಅರ್ಥಧಾರಿ, ಹೆಚ್ಚುವರಿ ಹೆಸರಿನ 700ರಲ್ಲಿ ಪ್ರಸಂಗಕರ್ತ.